ಸೈಕ್ ಬೆಟ್ಟದ ಹುಲ್ಲಿಗೆ ತೂತು ಹೊಡೆದ ಕೊಗ್ಗ

ಮಣ್ಣಿನ ವಿಷಯದಲ್ಲಿ ಕೊಗ್ಗನಿಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಹಾಗೆಂದು ಅವನೂ ನಂಬಿದ್ದ, ನಾವೂ ನಂಬಿದ್ದೆವು. ಪುತ್ತೂರಿನಿಂದ ಹತ್ತು ಮೈಲಿ ಆಚೆ ಅವನ ಊರು. ಮಳೆಗಾಲ ಮುಗಿದು ಪೈರು ಹಣ್ಣಾಗುವ ಹೊತ್ತಿಗೆ ಅಂಗಳ ಮಾಡಿಕೊಡು ಎಂದು ಜನ ಅವನ ಮನೆಗೇ ಬರುತ್ತಿದ್ದರು. ಮಳೆ ನೀರು ಕೊರೆದುಹಾಕಿದ ಅಂಗಳವನ್ನು ಅವನು ಅಗೆದು, ಹೆಂಟೆ ಒಡೆದು, ನೀರು ಚಿಮುಕಿಸಿ, ಹಿಡಿ ಇರುವ ದಪ್ಪ ಹಲಗೆಯಿಂದ ಬೆಳಗ್ಗಿನಿಂದ ಸಂಜೆಯವರೆಗೆ ಬಡಿಯುತ್ತಿದ್ದ. ಮೇಲೆ ಸಗಣಿ ಸಾರಿಸಿದರೆ ನೆಲ ಹಿತ್ತಾಳೆಯ ಹರಿವಾಣದ ಹಾಗೆ. ಭತ್ತ ಬಡಿದರೆ ಒಂದು ಕಾಳೂ ಮಣ್ಣಿಗೆ ಇಳಿಯುತ್ತಿರಲಿಲ್ಲ.

ಅಂಥವನು ೧೯೮೩ರಲ್ಲಿ ಒಮಾನಿಗೆ ಬಂದ. ನಮ್ಮದು ಕಟ್ಟಡ ಕೆಲಸದ ಕಂಪೆನಿ, ಕಚೇರಿ ಮಸ್ಕತ್ತಿನ ಅಲ್ ಖುವೈರಿನಲ್ಲಿ. ನಾನು ಅಲ್ಲಿನ ಸ್ಟೋರಿನಲ್ಲಿದ್ದೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಸಾಮಾನಿನ ಪಟ್ಟಿಗಳನ್ನು ಓದಿ ಓದಿ ಇಂಗ್ಲಿಷ್ ಕಲಿತಿದ್ದೆ. ಕೊಗ್ಗ ಎರಡು ವರ್ಷ ಕಚೇರಿಯ ಸುತ್ತಲಿನ ಗಿಡಗಳಿಗೆ ನೀರು ಹಿಡಿದ. ಮೂರನೆಯ ವರ್ಷ ಅವನನ್ನು ಬೆಟ್ಟ ಹತ್ತಿಸಿದರು.

ಬೆಟ್ಟ ಎಂದರೆ ಜಬಲ್ ಅಖ್ದರ್. ಅದರ ನೆತ್ತಿಯ ಮೇಲೆ ಸೈಕ್ ಎಂಬ ಊರು. ಕೆಳಗೆ ಮಸ್ಕತ್ತಿನಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುವ ದಿನಗಳಲ್ಲೂ ಅಲ್ಲಿ ಸಂಜೆಗೆ ಕಂಬಳಿ ಬೇಕು. ಡಿಸೆಂಬರ್, ಜನವರಿಯಲ್ಲಿ ಬಕೆಟ್ಟಿನ ನೀರು ಗಾಜಿನ ತಟ್ಟೆಯಾಗಿರುತ್ತದೆ. ಆಗ ಡಾಂಬರು ರಸ್ತೆ ಇರಲಿಲ್ಲ. ಸೇನೆಯ ಚೌಕಿಯಲ್ಲಿ ಪರವಾನಗಿ ತೋರಿಸಿ, ಕಲ್ಲು ಹಾದಿಯಲ್ಲಿ ಎದ್ದು ಬಿದ್ದು ಹೋಗಬೇಕು. ಅಲ್ಲಿ ಕಂಪೆನಿಗೊಂದು ವಿಶ್ರಾಂತಿ ಮನೆ ಇತ್ತು. ಅದರ ಮುಂದೆ ತನ್ನ ದೇಶದಲ್ಲಿರುವಂಥ ಹುಲ್ಲುಹಾಸು ಬೇಕೆಂದು ನಮ್ಮ ದೊಡ್ಡ ಸಾಹೇಬರಿಗೆ ಆಸೆ. ಅವರು ಸ್ಕಾಟ್ಲೆಂಡಿನವರು. ಚಳಿ ದೇಶದ ಹುಲ್ಲಿನ ಬೀಜ ಎರಡು ಚೀಲ ತರಿಸಿದರು, ಜೊತೆಗೆ ಹುಲ್ಲು ಬೆಳೆಸುವ ಬಗೆಯ ಒಂದು ತೆಳ್ಳನೆ ಪುಸ್ತಕ. ಪುಸ್ತಕ ಹೋಗಿ ಸೇರಿದ್ದು ಬೆಟ್ಟದ ಮನೆಯ ಉಸ್ತುವಾರಿ ಹೆರಾಲ್ಡನ ಕೈಗೆ. ಅವನು ಮಂಗಳೂರಿನ ಕ್ರಿಸ್ತಿಯನ್. ಕೊಗ್ಗ ಊರಿನ ರೂಢಿಯಂತೆ ಅವನನ್ನು ಮರ್ಯಾದೆಯಿಂದ ‘ಪೊರ್ಬುಗಳೇ’ ಎಂದೇ ಕರೆಯುತ್ತಿದ್ದ.

೧೯೮೫ರ ಆಗಸ್ಟಿನಲ್ಲಿ ಕೊಗ್ಗ ನೆಲಕ್ಕೆ ಕೈ ಹಾಕಿದ. ನೆಲ ಸಮತಟ್ಟಾಗಬೇಕು ಎಂದು ಸಾಹೇಬರು ಹೇಳಿದ್ದರು. ಸಮತಟ್ಟು ಮಾಡುವುದರಲ್ಲಿ ತನ್ನನ್ನು ಮೀರಿಸುವವರು ಯಾರು? ಪೆಟ್ಟಿಗೆಯ ಮರದಿಂದ ಹಲಗೆ ಮಾಡಿಕೊಂಡ. ಊರಿನ ಅಂಗಳಕ್ಕೆ ಹೇಗೋ ಹಾಗೆಯೇ ಅಗೆದ, ನೆನೆಸಿದ, ಹದಿನೈದು ದಿನ ಬಡಿದ. ಆಮೇಲೆ ಮೇಲೊಂದು ಬೆರಳಿನಷ್ಟು ಜರಡಿ ಹಿಡಿದ ಮಣ್ಣು ಹರಡಿ ಬೀಜ ಚೆಲ್ಲಿದ. ಎರಡು ವಾರಕ್ಕೆ ಹುಲ್ಲು ಎಳೆಗೂಸಿನ ಕೂದಲಿನ ಹಾಗೆ ಎದ್ದಿತು. ಮುಂದಿನ ವಸಂತದಲ್ಲಿ ಬಂದ ಸಾಹೇಬರು ಕೊಗ್ಗನ ಬೆನ್ನು ತಟ್ಟಿ ಹೋದರು.

ಹುಲ್ಲಿನ ಬೇರು ಹೋಗಿದ್ದದ್ದು ಆ ಒಂದು ಬೆರಳು ಮಾತ್ರ. ಅದರ ಕೆಳಗೆ ಕೊಗ್ಗನ ಅಂಗಳ. ಎಂಬತ್ತಾರರ ಬೇಸಿಗೆ ಬಿಸಿಲಿಗೆ ಮೇಲಿನ ಮಣ್ಣು ಹಪ್ಪಳವಾಯಿತು. ನೀರು ಬಿಟ್ಟರೆ ಇಂಗದೆ ನಿಂತು, ಹುಲ್ಲಿನ ಬುಡ ಕೊಳೆಯತೊಡಗಿತು. ನವೆಂಬರಿನ ಹೊತ್ತಿಗೆ ಅರ್ಧ ಹಳದಿ, ಅರ್ಧ ಬೋಳು.

ಕಾರಣ ತೋರಿಸಿಕೊಟ್ಟವನು ಸುಲೈಯಮ್. ಅವನು ಆ ಮನೆಯ ಕಾವಲುಗಾರ, ಅದೇ ಬೆಟ್ಟದವನು. ಪಕ್ಕದ ಹಳ್ಳಿಯ ಮೆಟ್ಟಿಲು ಗದ್ದೆಗಳಲ್ಲಿ ಅವನಿಗೆ ಗುಲಾಬಿ, ದಾಳಿಂಬೆ ಇದ್ದವು. ಆಡಿಗೂ ಹಾಕದ, ಮನುಷ್ಯನೂ ತಿನ್ನದ ಬೆಳೆಗೆ ಟ್ಯಾಂಕರಿನಲ್ಲಿ ನೀರು ತಂದು ಹೊಯ್ಯುವವರನ್ನು ಕಂಡು ಅವನಿಗೆ ಯಾವಾಗಲೂ ನಗು.

ನಿಂತ ನೀರನ್ನು ನೋಡುತ್ತ ಅವನು ಕೇಳಿದ, “ಯಾ ಕೊಗ್ಗ, ನೀನು ಹುಲ್ಲು ಬೆಳೆಸಿದ್ದೋ, ನೀರಿನ ತೊಟ್ಟಿ ಕಟ್ಟಿದ್ದೋ?”

ಸೊಂಟದ ಕತ್ತಿ ತೆಗೆದು ನೆಲಕ್ಕೆ ಚುಚ್ಚಿದ. ಒಂದು ಬೆರಳು ಇಳಿದು ಟಕ್ಕೆಂದು ನಿಂತಿತು. ಕೊಗ್ಗ ತಾನೂ ಕುಕ್ಕರುಗಾಲಿನಲ್ಲಿ ಕೂತು ನಾಲ್ಕು ಕಡೆ ಚುಚ್ಚಿ ನೋಡಿದ. ಎಲ್ಲ ಕಡೆಯೂ ಟಕ್.

“ಅಲ್ಲಾ ನಿನ್ನ ತೋಳಿಗೆ ಬಲ ಕೊಟ್ಟಿದ್ದಾನೆ,” ಎಂದ ಸುಲೈಯಮ್. “ಹುಲ್ಲು ಏನು ಪಾಪ ಮಾಡಿತ್ತು?”

ಮೂವತ್ತೈದು ವರ್ಷದ ಗಂಡಸು ಆ ದಿನ ಊಟ ಮಾಡಲಿಲ್ಲವಂತೆ. ಅವನು ಹೆದರಿದ್ದು ಬೈಗುಳಕ್ಕಲ್ಲ. ಅದೇ ವಾರ ಊರಿನಿಂದ ಹೆಂಡತಿ ಕುಸುಮಳ ಕಾಗದ ಬಂದಿತ್ತು. ಈ ಸಲ ದೊಡ್ಡಮನೆಯವರೂ ಅಂಗಳಕ್ಕೆ ಸಿಮೆಂಟು ಹಾಕಿಸಿದರು, ಊರಿನಲ್ಲಿ ಇನ್ನು ಮಣ್ಣಿನ ಅಂಗಳ ಎಂದರೆ ನಮ್ಮದು ಮತ್ತು ಇನ್ನೆರಡು ಮನೆಯದು ಎಂದು ಅವಳು ಬರೆದಿದ್ದಳು. ಕೊಗ್ಗನಿಗೆ ಗೊತ್ತಿದ್ದದ್ದು ಮಣ್ಣಿನ ಕೆಲಸ ಒಂದೇ. ಊರಿನಲ್ಲಿ ಅದು ಮುಗಿಯುತ್ತಿತ್ತು. ಇಲ್ಲಿಯೂ ಕೆಡಿಸಿಕೊಂಡರೆ ಅವನ ಕೈಗೆ ಕೆಲಸವೇ ಇಲ್ಲ.

ಹೆರಾಲ್ಡ್ ಪುಸ್ತಕ ತೆಗೆದ. ಬಿಗಿದ ನೆಲಕ್ಕೆ ತೂತು ಹೊಡೆದು ಗಾಳಿ ಆಡಿಸಬೇಕು ಎಂದು ಅದರಲ್ಲಿ ಚಿತ್ರ ಸಮೇತ ಇತ್ತು. ಯಾವಾಗ ಎಂಬುದೂ ಇತ್ತು: ಎಲೆ ಉದುರುವ ಕಾಲದಲ್ಲಿ, ಇಲ್ಲವೇ ವಸಂತದಲ್ಲಿ. ತಿಂಗಳ ಹೆಸರು ಆ ಪುಟದಲ್ಲಿ ಇರಲಿಲ್ಲ.

“ಎಲೆ ಉದುರುವ ಕಾಲ ಅಂದ್ರೆ ಯಾವಾಗ ಪೊರ್ಬುಗಳೇ?”

ಕರಾವಳಿಯವರಿಬ್ಬರು. ಅವರಿಗೆ ಗೊತ್ತಿರುವುದು ಮಳೆ, ಚಳಿ, ಸೆಕೆ. ಹೆರಾಲ್ಡ್ ಕಿಟಕಿಯಿಂದ ಹೊರಗೆ ಕೈ ತೋರಿಸಿದ. ಸುಲೈಯಮನ ಅಕ್ರೋಡು ಮರದಲ್ಲಿ ಕೊನೆಯ ನಾಲ್ಕು ಎಲೆಗಳು ಅಲ್ಲಾಡುತ್ತಿದ್ದವು.

“ಕಣ್ಣಿಲ್ವಾ ನಿಂಗೆ? ಉದುರಿಯೇ ಆಯ್ತು. ಈಗ್ಲೇ ಮಾಡು. ಏಪ್ರಿಲಿನಲ್ಲಿ ಗುಲಾಬಿ ಸಮಯಕ್ಕೆ ಸಾಹೇಬ್ರು ಗೆಸ್ಟುಗಳನ್ನು ಕರ್ಕೊಂಡು ಬರ್ತಾರೆ. ಅಷ್ಟ್ರಲ್ಲಿ ಇದು ಹಸಿರಾಗದಿದ್ರೆ ನನ್ನ ತಲೆಯೂ ಹೋಗ್ತದೆ, ನಿನ್ನ ವೀಸಾವೂ ಹೋಗ್ತದೆ.”

ಡಿಸೆಂಬರ್ ಹತ್ತಕ್ಕೆ ಕೊಗ್ಗ ಕಬ್ಬಿಣದ ಕಂಬಿ ಹಿಡಿದು ಶುರು ಮಾಡಿದ. ಎರಡು ದಿನ ಮಾಡಿ, ಬಗ್ಗಿ ನೋಡಿದ. ಕಂಬಿ ಮಣ್ಣನ್ನು ಹೊರಗೆ ತೆಗೆಯುತ್ತಿರಲಿಲ್ಲ, ಪಕ್ಕಕ್ಕೆ ಒತ್ತುತ್ತಿತ್ತು. ತೂತಿನ ಗೋಡೆ ಇನ್ನೂ ಗಟ್ಟಿ. ಬಡಿದ ನೆಲವನ್ನು ಮತ್ತೆ ಬಡಿದಂತೆಯೇ ಆಯಿತಲ್ಲ! ಕಂಬಿ ಬಿಸಾಡಿ ಮುಕ್ಕಾಲು ಇಂಚಿನ ನೀರಿನ ಪೈಪು ತಂದ. ತುದಿಯನ್ನು ಅರದಿಂದ ಹರಿತ ಮಾಡಿ, ಮೇಲೆ ಕಾಲಿಟ್ಟು ಒತ್ತಲು ಅಡ್ಡಪಟ್ಟಿ ಬೆಸುಗೆ ಹಾಕಿಸಿದ. ಹಿಂದಿನ ದಿನ ನೆನೆಸಿದ ನೆಲಕ್ಕೆ ಅದನ್ನು ತುಳಿದು ಎಳೆದರೆ ಮೂರು ಬೆರಳುದ್ದದ ಮಣ್ಣಿನ ಬತ್ತಿ ಪೈಪಿನೊಳಗೆ ಎದ್ದು ಬರುತ್ತಿತ್ತು. ಗೇಣಿಗೊಂದು ತೂತು. ವಾರದೊಳಗೆ ಗೇಟಿನ ಪಕ್ಕದ ಒಂದು ಪಟ್ಟೆ ಮುಗಿಸಿದ. ಉಪಾಯ ಸರಿಯಾಗಿತ್ತು. ಕಾಲ ತಪ್ಪಿತ್ತು.

ಕ್ರಿಸ್ಮಸ್ಸಿನ ಮುಂಚಿನ ನಾಲ್ಕು ದಿನ ಬೆಟ್ಟದ ಮೇಲೆ ಇಬ್ಬನಿ ಹೆಪ್ಪುಗಟ್ಟಿತು. ಬೆಳಗ್ಗೆ ಎದ್ದು ನೋಡಿದರೆ ತೂತುಗಳ ಸುತ್ತ ನೆಲ ಹಲಸಿನ ಕಾಯಿಯ ಮೈಯ ಹಾಗೆ ಉಬ್ಬಿದೆ. ಒಳಗಿಳಿದ ನೀರು ಮಂಜುಗಡ್ಡೆಯಾಗಿ, ಮಣ್ಣನ್ನು ಮೇಲಕ್ಕೆತ್ತಿ, ಹುಲ್ಲಿನ ಬೇರನ್ನು ದಾರದ ಹಾಗೆ ಕಡಿದಿತ್ತು. ಕೈಯಿಂದ ಎತ್ತಿದರೆ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿಕೊಂಡು ಬಂದಿತು. ಪಟ್ಟೆಯ ಆಚೆ, ಪೈಪು ತಾಗದ ಕಡೆ, ಹುಲ್ಲು ಹಳದಿಯಾಗಿದ್ದರೂ ಮಣ್ಣನ್ನು ಕಚ್ಚಿಕೊಂಡಿತ್ತು.

ಕೊಗ್ಗ ಪೈಪನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಗೋಡೆಗೆ ನಿಲ್ಲಿಸಿದ. ಇನ್ನು ಹುಲ್ಲು ತಾನಾಗಿ ಏಳುವವರೆಗೆ ಅದನ್ನು ಮುಟ್ಟುವುದಿಲ್ಲ ಎಂದು ಹಠ ಹಿಡಿದ.

ಏಳುವುದು ಎಂದರೆ ಹೇಗೆ ತಿಳಿಯುವುದು? ಹಾಸಿನ ಮಧ್ಯೆ ಆರು ಕಡೆ ಹುಲ್ಲಿನ ಎಳೆಯ ಪಕ್ಕದಲ್ಲಿ ಅದೇ ಎತ್ತರಕ್ಕೆ ಬೆಂಕಿಕಡ್ಡಿ ಊರಿದ. ದಿನಾ ಬೆಳಗ್ಗೆ ಹೊಟ್ಟೆಯ ಮೇಲೆ ಮಲಗಿ ನೋಡುವುದು. ಜನವರಿ ಇಡೀ ಎಳೆ ಮತ್ತು ಕಡ್ಡಿ ಒಂದೇ ಎತ್ತರ. ಅವನು ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ್ದನ್ನು ಕಂಡ ಹೆರಾಲ್ಡನಿಗೆ ಪಿತ್ತ ನೆತ್ತಿಗೇರುತ್ತಿತ್ತು.

“ಎಂತ ಕೊಗ್ಗ, ಹುಲ್ಲಿನ ಹತ್ರ ಗುಟ್ಟು ಮಾತಾಡ್ತಾ ಇದ್ದೀಯಾ?”

“ಅದು ಮಾತಾಡ್ಲಿ ಅಂತ ಕಾಯ್ತಾ ಇದ್ದೇನೆ.”

ಫೆಬ್ರವರಿ ಬಂತು. ನಮ್ಮ ತುಳುನಾಡಿನಲ್ಲಿ ಆ ಹೊತ್ತಿಗೆ ಕೆಡ್ಡಸ. ಭೂಮಿತಾಯಿ ಮೈನೆರೆಯುವ ಮೂರು ದಿನ ಯಾರೂ ನೆಲ ಅಗೆಯುವುದಿಲ್ಲ. ನಾಲ್ಕನೆಯ ದಿನದಿಂದ ಮಣ್ಣು ಫಲಕ್ಕೆ ತಯಾರು ಎಂದು ಲೆಕ್ಕ. ಕೊಗ್ಗ ಆ ಮೂರು ದಿನ ಗುದ್ದಲಿಯನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಹೆರಾಲ್ಡ್ ತಾನೇ ಪೈಪು ಹಿಡಿದುಕೊಂಡು ಬಂದ.

“ತಗೋ. ನಿಮ್ಮ ಕೆಡ್ಡಸ ಮುಗೀತಲ್ಲ. ನಿಮ್ಮ ಭೂಮಿತಾಯಿಯೇ ಅಪ್ಪಣೆ ಕೊಟ್ಟ ಮೇಲೆ ಇನ್ನು ಯಾವ ನೆವ?”

ಕೊಗ್ಗ ಪೈಪು ತೆಗೆದುಕೊಂಡು ಮತ್ತೆ ಗೋಡೆಗೇ ನಿಲ್ಲಿಸಿದ. “ಊರಿನ ಕೆಡ್ಡಸ ಊರಿನ ಮಣ್ಣಿಗೆ ಪೊರ್ಬುಗಳೇ. ಅಲ್ಲಿ ಈಗ ಮಾವಿನ ಮಿಡಿ ಬಂದಿರ್ತದೆ. ಇಲ್ಲಿ ಬೆಳಿಗ್ಗೆ ನಲ್ಲಿಯ ಬಾಯಿ ಕಟ್ಟಿರ್ತದೆ. ಊರಿನ ಲೆಕ್ಕದಲ್ಲಿ ಬಡಿದೇ ಇದನ್ನು ಇಷ್ಟು ಹಾಳು ಮಾಡಿದ್ದು ನಾನು. ಇನ್ನೊಮ್ಮೆ ಆ ಲೆಕ್ಕ ಬೇಡ.”

“ಹಾಗಾದ್ರೆ ನಾನು ಮಸ್ಕತ್ತಿಗೆ ಬರೀತೇನೆ. ಕೊಗ್ಗ ಹೇಳಿದ ಕೆಲಸ ಮಾಡುದಿಲ್ಲ ಅಂತ.”

“ಬರೀರಿ. ನಿಜವೇ ಅಲ್ವಾ.”

ಹೆರಾಲ್ಡ್ ಬರೆದೇ ಬರೆದ. ಫೆಬ್ರವರಿ ಮುಗಿಯುವುದರೊಳಗೆ ಕೆಲಸ ಶುರುವಾಗದಿದ್ದರೆ ಕೊಗ್ಗನನ್ನು ಕೆಳಗೆ ಕಳಿಸಿ, ವೀಸಾ ರದ್ದು ಎಂದು ಕಚೇರಿಯಿಂದ ಉತ್ತರ ಹೋಯಿತು. ಆ ಕಾಗದವನ್ನು ಸಾಮಾನಿನ ಗಾಡಿಯಲ್ಲಿಟ್ಟು ಕಳಿಸಿದವನು ನಾನೇ.

ಎರಡು ದಿನ ಬಿಟ್ಟು ಅದೇ ಗಾಡಿಯಲ್ಲಿ ಕೊಗ್ಗ ಇಳಿದು ಬಂದ. ಗಾಡಿ ಓಡಿಸುವವನು ಉಳ್ಳಾಲದ ಶಾಹುಲ್ ಹಮೀದ್. ಕೊಗ್ಗನ ತೊಡೆಯ ಮೇಲೆ ರೊಟ್ಟಿ ಸುಡುವ ತಗಡಿನ ತಟ್ಟೆ, ಅದರ ಮೇಲೆ ಒದ್ದೆ ಗೋಣಿ ಮುಚ್ಚಿದ ಎರಡು ತುಂಡು ಹುಲ್ಲು, ಬೇರು ಮಣ್ಣು ಸಮೇತ.

“ದಾರಿಯುದ್ದಕ್ಕೂ ಕೇಳಿದೆ,” ಎಂದ ಶಾಹುಲ್ ಹಮೀದ್ ನನ್ನ ಹತ್ತಿರ. “ಅಲ್ಲ ಮಾರಾಯ, ಮಸ್ಕತ್ತಿಗೆ ಮಣ್ಣು ಹೊತ್ಕೊಂಡು ಹೋಗುದಾ, ಅಲ್ಲಿ ಮಣ್ಣಿಗೆ ಬರಗಾಲವಾ ಅಂತ. ಬಾಯೇ ಬಿಡ್ಲಿಲ್ಲ. ಗಾಡಿ ಎಗರಿದಾಗೆಲ್ಲ ತಟ್ಟೆಯನ್ನು ಮಗುವಿನ ಹಾಗೆ ಎತ್ತಿ ಹಿಡೀತಿದ್ದ.”

ಕೊಗ್ಗ ನನಗೆ ಹೇಳಿದ್ದು ಒಂದೇ ಮಾತು. “ಸಾಹೇಬ್ರ ಹತ್ರ ಕರ್ಕೊಂಡು ಹೋಗಿ ಅಣ್ಣ. ನಾನು ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿಗೆ ಹಾಕಿ. ನಿಮ್ಮ ಕಡೆಯಿಂದ ಬೆಲ್ಲ ಸೇರಿಸ್ಬೇಡಿ.”

ಸಾಹೇಬರ ಮೇಜಿನ ಮೇಲೆ ಅವನು ತಟ್ಟೆಯನ್ನು ಇಟ್ಟ. ಕಾಗದಗಳ ಮೇಲೆ ಮಣ್ಣಿನ ನೀರು ಸೋರಿತು. ನಾನು ಒರೆಸಲು ಹೋದೆ, ಸಾಹೇಬರು ಬೇಡವೆಂದು ಕೈ ಮಾಡಿದರು. ಎದ್ದು ನಿಂತು ಎರಡೂ ತುಂಡನ್ನು ತಿರುವಿ ನೋಡಿದರು. ಒಂದರ ಬೇರು ಕಡಿದು ಜೋತುಬಿದ್ದಿತ್ತು. ಇನ್ನೊಂದರ ಬೇರು ಗಿಡ್ಡವಾದರೂ ಬೆಳ್ಳಗೆ ಜೀವಂತವಾಗಿತ್ತು.

“ಇದಕ್ಕೆ ಯಾವಾಗ ತೂತು ಹೊಡೆದದ್ದು?”

“ಡಿಸೆಂಬರಿನಲ್ಲಿ.”

“ಡಿಸೆಂಬರಿನಲ್ಲಿ!” ಸಾಹೇಬರು ಹಣೆಗೆ ಕೈ ಹಚ್ಚಿಕೊಂಡರು. “ಯಾರು ಹೇಳಿದರು?”

ನಾನು ಅದನ್ನು ಕನ್ನಡದಲ್ಲಿ ಹೇಳಿ ಕೊಗ್ಗನ ಮುಖ ನೋಡಿದೆ. ಹೆರಾಲ್ಡನ ಹೆಸರು ಒಂದು ಸಲ ಎತ್ತಿದ್ದರೆ ಅವನು ಅಲ್ಲಿಗೇ ಪಾರಾಗುತ್ತಿದ್ದ.

“ತುಳಿದ ಕಾಲು ನನ್ನದು ಅಂತ ಹೇಳಿ,” ಎಂದ ಕೊಗ್ಗ. “ಅದಕ್ಕೂ ಮುಂಚೆ ನೆಲವನ್ನು ಅಂಗಳದ ಹಾಗೆ ಬಡಿದು ಕೆಡಿಸಿದ್ದೂ ನಾನೇ. ಅದನ್ನೂ ಹೇಳಿ.”

ಹೇಳಿದೆ. ಸಾಹೇಬರು ಕೂತರು. ತಮ್ಮ ದೇಶದಲ್ಲಿ ಎಲೆ ಹಣ್ಣಾಗಲು ಶುರುವಾಗುವುದು ಸೆಪ್ಟೆಂಬರಿನಲ್ಲಿ, ಕೆಲಸವನ್ನು ಆಗಲೇ ಮಾಡುವುದು ಎಂದು ನಿಧಾನವಾಗಿ ವಿವರಿಸಿದರು. ಬೇಸಿಗೆ ಇಳಿದು ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಹುಲ್ಲು ಮತ್ತೆ ಚುರುಕಾಗಿ ಬೆಳೆಯುತ್ತಿರುತ್ತದೆ, ಹೆಪ್ಪುಗಟ್ಟುವ ಚಳಿಗೆ ಇನ್ನೂ ಒಂದೂವರೆ ತಿಂಗಳಾದರೂ ಉಳಿದಿರುತ್ತದೆ. ಆ ಸಮಯದಲ್ಲಿ ಗಾಯ ತುಂಬಿಕೊಳ್ಳುತ್ತದೆ. ಆ ಗಡುವು ತಪ್ಪಿದರೆ ವಸಂತದವರೆಗೆ ಕೈ ಕಟ್ಟಿ ಕೂರಬೇಕು. ಮಲಗಿದ ಹುಲ್ಲನ್ನು ಚುಚ್ಚಿದರೆ ಮಾಯುವುದಿಲ್ಲ.

“ಈಗ ಯಾವಾಗ ಮಾಡುತ್ತಿ?”

“ಹುಲ್ಲು ಎದ್ದ ಮೇಲೆ.”

“ತಾರೀಕು ಹೇಳು.”

“ತಾರೀಕು ನನ್ನ ಹತ್ರ ಇಲ್ಲ. ಹುಲ್ಲಿನ ಹತ್ರ ಉಂಟು.”

ಇದನ್ನು ಇಂಗ್ಲಿಷಿಗೆ ಹಾಕುವಾಗ ನನ್ನ ನಾಲಿಗೆ ತಡವರಿಸಿತು. ಸಾಹೇಬರು ನಗಲಿಲ್ಲ. ಏಪ್ರಿಲ್ ಹದಿನೇಳಕ್ಕೆ ಅತಿಥಿಗಳು ಬರುತ್ತಾರೆ, ಅಷ್ಟರಲ್ಲಿ ಆಗದಿದ್ದರೆ ಏನು ಎಂದರು.

“ಹದಿನೆಂಟಕ್ಕೆ ಟಿಕೆಟ್ ಮಾಡಿಸ್ಲಿಕ್ಕೆ ಹೇಳಿ,” ಎಂದು ಕೊಗ್ಗ ತಟ್ಟೆ ಎತ್ತಿಕೊಂಡ.

ವೀಸಾ ರದ್ದು ಮಾಡುವ ಕಾಗದ ಸಾಹೇಬರ ಡ್ರಾಯರಿನಲ್ಲೇ ಉಳಿಯಿತು. ಕೊಗ್ಗ ಮರುದಿನವೇ ಬೆಟ್ಟ ಹತ್ತಿದ.

ಮಾರ್ಚಿನ ಮೊದಲ ವಾರವೂ ಎಳೆ ಅಲ್ಲಾಡಲಿಲ್ಲ. ಹೆರಾಲ್ಡ್ ಈಗ ಬೈಯುವುದನ್ನು ಬಿಟ್ಟಿದ್ದ. ಸಾಹೇಬರ ಮುಂದೆ ನಡೆದದ್ದನ್ನು ಶಾಹುಲ್ ಹಮೀದ್ ಅವನ ಕಿವಿಗೆ ಹಾಕಿದ್ದ. ಬೆಳಗ್ಗೆ ಕೊಗ್ಗ ನೆಲದ ಮೇಲೆ ಮಲಗಿದಾಗ ಅವನೂ ಪಕ್ಕದಲ್ಲಿ ಚಹಾ ಲೋಟ ಹಿಡಿದು ನಿಲ್ಲುತ್ತಿದ್ದ.

“ಎದ್ದಿತಾ?”

“ಇಲ್ಲ.”

“ಮಾರಾಯ, ಇದಕ್ಕಿಂತ ನನ್ನ ಹೆಂಡತಿ ಬೇಗ ಏಳ್ತಾಳೆ.”

ಹದಿಮೂರನೆಯ ತಾರೀಕು ಮೂರು ಕಡ್ಡಿಗಳ ಪಕ್ಕದಲ್ಲಿ ಎಳೆ ಒಂದು ಕೂದಲಿನಷ್ಟು ಮೇಲಿತ್ತು. ಹದಿನೇಳಕ್ಕೆ ಆರೂ ಕಡೆ ಬೆಂಕಿಕಡ್ಡಿಯ ಮದ್ದಿನ ತಲೆ ಹುಲ್ಲಿನೊಳಗೆ ಮುಳುಗಿತ್ತು. ಕೊಗ್ಗ ಆಗಲೂ ಪೈಪು ಎತ್ತಲಿಲ್ಲ. ಒಮ್ಮೆ ಕತ್ತರಿಸಿದ. ಐದು ದಿನಕ್ಕೆ ಮತ್ತೆ ಬೆಳೆಯಿತು. ಮತ್ತೊಮ್ಮೆ ಕತ್ತರಿಸಿದ. ಕಡಿದದ್ದನ್ನು ತುಂಬಿಕೊಳ್ಳುವ ಶಕ್ತಿ ಬಂದಿದೆ ಎಂದು ಖಾತ್ರಿಯಾದ ಮೇಲೆ ಸಂಜೆ ನೀರು ಬಿಟ್ಟ. ಮಾರ್ಚ್ ಇಪ್ಪತ್ತೈದರ ಬೆಳಗ್ಗೆ ತುಳಿಯಲು ಶುರು ಮಾಡಿದ.

ಎಂಟು ದಿನ ತುಳಿದ. ಗೇಣಿಗೊಂದು, ಸಾಲು ತಪ್ಪದೆ. ಬಲಗಾಲಿನ ಅಂಗಾಲು ಒಡೆದಾಗ ಚಪ್ಪಲಿಗೆ ಟೈರಿನ ತುಂಡು ಕಟ್ಟಿಕೊಂಡ. ಅದೂ ಸಾಲದೆ ಹೋದಾಗ ಎಡಗಾಲಿನಲ್ಲಿ ತುಳಿದ. ಮಣ್ಣಿನ ಬತ್ತಿಗಳು ಒಣಗಿದ ಮೇಲೆ ಪುಡಿ ಮಾಡಿ, ಮರಳು ಮತ್ತು ಸುಲೈಯಮ್ ಕೊಟ್ಟ ಹಳೆಯ ಆಡಿನ ಗೊಬ್ಬರ ಬೆರೆಸಿ, ಪೊರಕೆಯಿಂದ ತೂತುಗಳಿಗೆ ಗುಡಿಸಿದ. ಗೊಬ್ಬರ ಕೊಡುವಾಗ ಸುಲೈಯಮ್ ಹೇಳಿದನಂತೆ, “ನನ್ನ ಆಡು ನಿನ್ನ ಹುಲ್ಲು ತಿನ್ನುವ ಹಾಗಿಲ್ಲ. ನಿನ್ನ ಹುಲ್ಲು ಮಾತ್ರ ನನ್ನ ಆಡಿನದ್ದನ್ನು ತಿನ್ನುತ್ತದೆ. ಇದು ಯಾವ ನ್ಯಾಯ?”

ಕೆಲಸ ಮುಗಿದ ಮೊದಲ ದಿನ ನೀರು ಬಿಟ್ಟಾಗ ಮೂವರೂ ನಿಂತು ನೋಡಿದರು. ನೀರು ಹರಡಿತು, ಹೊಳೆಯಿತು, ಆಮೇಲೆ ನೆಲ ಅದನ್ನು ಬಾಯಾರಿದ ಎತ್ತಿನ ಹಾಗೆ ಕುಡಿಯಿತು. ಹೆರಾಲ್ಡ್, “ಹೋಯ್ತು ಮಾರಾಯ, ಎಲ್ಲಾ ಹೋಯ್ತು ಒಳಗೆ,” ಎಂದು ಎರಡು ಸಲ ಹೇಳಿದ.

ಏಪ್ರಿಲ್ ಹದಿನೇಳಕ್ಕೆ ಸಾಹೇಬರ ಜೊತೆ ನಾನೂ ಹೋಗಿದ್ದೆ. ಇಡೀ ಹಾಸು ಹಸಿರಾಗಿತ್ತು ಎಂದರೆ ಸುಳ್ಳಾಗುತ್ತದೆ. ಗೇಟಿನ ಪಕ್ಕದ ಡಿಸೆಂಬರಿನ ಪಟ್ಟೆ ಕೆಂಪು ಮಣ್ಣಾಗಿಯೇ ಬಿದ್ದಿತ್ತು, ಅಲ್ಲಲ್ಲಿ ಬೋಳು ಕಲೆಗಳಿದ್ದವು. ಉಳಿದ ಮುಕ್ಕಾಲು ಪಾಲು ಮಾತ್ರ ದಟ್ಟವಾಗಿ ಎದ್ದಿತ್ತು. ಅತಿಥಿಯೊಬ್ಬರು ಆ ಬೋಳು ಪಟ್ಟೆ ಏನೆಂದು ಕೇಳಿದರು. ಅದು ನಮ್ಮ ಶಾಲೆ, ಎಂದು ಸಾಹೇಬರು ಹೇಳಿ ಮಾತು ಮುಗಿಸಿದರು. ಕೊಗ್ಗನ ಹತ್ತಿರ ಹೋಗಿ ಪೈಪನ್ನು ಕೇಳಿ ತೆಗೆದುಕೊಂಡು, ಒಂದು ಮೂಲೆಯಲ್ಲಿ ತುಳಿದು, ಬತ್ತಿ ಎಳೆದರು. ಬೇರು ಮೂರು ಬೆರಳಿನಷ್ಟು ಕೆಳಗಿಳಿದಿತ್ತು. ವಾಪಸು ಬಂದ ವಾರದಲ್ಲಿ ಕೊಗ್ಗನ ವೀಸಾ ಮುಂದುವರಿಸುವ ಕಾಗದಕ್ಕೆ ಸಹಿ ಬಿತ್ತು.

ಆಮೇಲೆ ಒಂಬತ್ತು ವರ್ಷ, ಪ್ರತಿ ಸೆಪ್ಟೆಂಬರಿನ ಎರಡನೆಯ ವಾರ, ಸುಲೈಯಮನ ದಾಳಿಂಬೆ ಕೊಯ್ಲಿಗೆ ಬರುವ ಹೊತ್ತಿಗೆ, ಕೊಗ್ಗ ಆ ನೆಲವನ್ನು ತುಳಿದ. ಯಾರನ್ನೂ ಕೇಳಲಿಲ್ಲ. ಒಂದು ವರ್ಷ ಅತಿಥಿಗಳಿದ್ದಾರೆ, ಮಣ್ಣಿನ ಬತ್ತಿ ಕಾಲಿಗೆ ಸಿಗುತ್ತದೆ, ಒಂದು ತಿಂಗಳು ತಡೆ ಎಂದು ಕಚೇರಿಯವರು ಹೆರಾಲ್ಡನಿಂದ ಹೇಳಿಸಿದರು. ಅತಿಥಿಗಳಿಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿ ಎಂದು ಉತ್ತರ ಕಳಿಸಿದ.

೧೯೯೬ರಲ್ಲಿ ಕಂಪೆನಿ ಆ ಮನೆಯನ್ನು ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ಸಾಹೇಬರು ಅದಕ್ಕೂ ಮುಂಚೆಯೇ ತಮ್ಮ ದೇಶ ಸೇರಿದ್ದರು. ಕೊಗ್ಗನ ಲೆಕ್ಕ ಮುಗಿಸಿ ಸೆಪ್ಟೆಂಬರ್ ಐದಕ್ಕೆ ಟಿಕೆಟ್ ಮಾಡಿಸಿದ್ದಾಯಿತು. ನಾನೇ ಫೋನು ಮಾಡಿ ತಿಳಿಸಿದೆ.

“ಐದಕ್ಕೆ ಆಗುದಿಲ್ಲ ಅಣ್ಣ,” ಎಂದ.

“ಯಾಕೋ?”

“ತೂತು ಹೊಡೀಲಿಕ್ಕೆ ಉಂಟು.”

“ನಿನಗೆ ಮರುಳಾ? ಮನೆ ಬೇರೆಯವರಿಗೆ ಹೋಗ್ತಾ ಉಂಟು. ಬರುವವರು ಹುಲ್ಲು ಇಟ್ಟುಕೊಳ್ತಾರೋ, ಕಿತ್ತು ಬಿಸಾಡ್ತಾರೋ, ಯಾರಿಗೆ ಗೊತ್ತು?”

“ಅದು ಅವರ ವಿಚಾರ. ಈ ಸೆಪ್ಟೆಂಬರ್ ನನ್ನದು.”

ನಾನು ಟಿಕೆಟನ್ನು ಇಪ್ಪತ್ತೆಂಟಕ್ಕೆ ಬದಲಾಯಿಸಿದೆ.